ದಂಡಿನ ಯೋಗಕ್ಷೇಮಕ್ಕೆ ನಿಂತ ಪಾಲಯ್ಯ

ಅಳೆದು ಕೊಟ್ಟರೆ ಕತೆ, ಅಳೆಯದೆ ಸುರಿದರೆ ಹರಟೆ. ಇದು ಅಳೆದ ಮಾಲು. ಎಲೆಗೆ ಸುಣ್ಣ ಹಚ್ಚಿಕೊಂಡು ಕೂತುಕೊಳ್ಳಿ.

ಬಂಡೆಗುಡ್ಡದ ಮೇಲೆ ಒಂದು ಕೋಟೆ. ಕೋಟೆಯೊಳಗೆ ಮೂವತ್ತು ಜನ ದಂಡಾಳುಗಳು, ಅವರ ಮೇಲೊಬ್ಬ ಕಿಲ್ಲೇದಾರ ಸೂರಪ್ಪ ನಾಯಕ. ಅಲ್ಲೇ ಹಿತ್ತಲ ಬಾಗಿಲ ಬೀದಿಯಲ್ಲಿ ಮಾರಕ್ಕ ಅಂತ ಒಬ್ಬಳು, ಅವಳಿಗೊಬ್ಬ ಮಗ ಪಾಲಯ್ಯ. ಗಂಡ ದಂಡಿನಲ್ಲಿದ್ದು ಸತ್ತವನು. ಕೋಟೆಯ ಕಟ್ಟಳೆ ಏನೆಂದರೆ, ಮನೆಯಲ್ಲಿ ಒಬ್ಬ ಗಂಡಾಳು ಚಾಕರಿಯಲ್ಲಿ ಇರುವ ತನಕ ಮನೆ ಉಂಟು. ಚಾಕರಿ ತಪ್ಪಿತೋ, ಪಾತ್ರೆ ಪಗಡ ತಲೆ ಮೇಲೆ, ಕಾಲು ಗುಡ್ಡದ ಕೆಳಗೆ.

ಪಾಲಯ್ಯನಿಗೆ ಎಂಥ ಚಾಕರಿ? ಕತ್ತಿ ಕೊಟ್ಟರೆ ಹಿಡಿ ಯಾವುದು ಅಲಗು ಯಾವುದು ಅಂತ ಕೇಳಿಯೇ ಹಿಡಿಯುವವನು. ಹಾಗಂತ ಮರೆವು ಇತ್ತು ಅನ್ನಬೇಡಿ. ಹೇಳಿದ್ದನ್ನು ಹೇಳಿದ ಹಾಗೆ ನೆನಪಿಡುವವನು. ಮರೆಯುವ ಮಗನಾಗಿದ್ದರೆ ಮಾರಕ್ಕ ಅರ್ಧ ಬದುಕಿಕೊಳ್ಳುತ್ತಿದ್ದಳು. ಹುಳ ಹಿಡಿದ ಜೋಳವನ್ನಾದರೂ ಕೇರಿ ಮಾರಬಹುದು, ಮಗನನ್ನು ಏನು ಮಾಡುವುದು?

ಆ ಕಾಲಕ್ಕೆ ದಂಡಾಳುಗಳು ಮುಖ ಗಂಟಿಕ್ಕಿಕೊಂಡಿದ್ದರು. ಊರು ಕಂಡು ಮೂರು ವರ್ಷ. ಕಿಲ್ಲೇದಾರನನ್ನು ಕೇಳಿದರೆ, “ಊರಿಗೆ ಬಿಟ್ಟರೆ ನೀವು ತಿರುಗಿ ಬರೋ ಪೈಕಿನಾ?” ಅನ್ನುತ್ತಿದ್ದ. ಅಷ್ಟರಲ್ಲಿ ಸುದ್ದಿ ಬಂತು: ದಸರೆಗೆ ಮುಂಚೆ ದೊರೆ ಬರುತ್ತಾರೆ, ದಂಡು ಸುಖವಾಗಿದೆಯೋ ಇಲ್ಲವೋ ಕಣ್ಣಾರೆ ನೋಡುತ್ತಾರೆ. ಕಿಲ್ಲೇದಾರನಿಗೆ ಬೆವರು ಕಿತ್ತುಕೊಂಡು ಬಂತು. ದಂಡಿನ ಬೇಸರ ಕಳೆಯೋದಕ್ಕೆ, ಯೋಗಕ್ಷೇಮ ನೋಡೋದಕ್ಕೆ ಒಬ್ಬ ಆಳು ಬೇಕು. ಯಾರೂ ಒಪ್ಪಲಿಲ್ಲ. ಮಾರಕ್ಕ ಕೈ ಮುಗಿದು ಮಗನನ್ನು ಮುಂದೆ ತಳ್ಳಿದಳು.

“ನೋಡು ಮಾರಕ್ಕ, ದೊರೆ ಬಂದಾಗ ಮೂವತ್ತು ಜನವೂ ನಗ್ತಾ ಇರಬೇಕು. ಇಲ್ಲ ಅಂದರೆ ಮನೆ ಖಾಲಿ.”

“ನಗಿಸ್ತಾನೆ ನಾಯಕರೇ. ಇವನನ್ನ ನೋಡಿದ್ರೇ ನಗು ಬರುತ್ತೆ.”

ಕಿಲ್ಲೇದಾರ ಪಾಲಯ್ಯನಿಗೆ ಹೇಳಿದ: “ದಂಡಾಳು ಕಂಡರೆ ಸುಮ್ಮನೆ ಕೂರೋಕೆ ಬಿಡಬೇಡ. ಓಡಿಸು, ಆಡಿಸು, ಕುಣಿಸು. ತಿಳೀತಾ?”

“ತಿಳೀತು ಬುದ್ಧಿ. ಇನ್ನು ಮರೆಯಲ್ಲ.”

ಮಾರನೆಯ ದಿನ ನಡುಮಧ್ಯಾಹ್ನ ಹತ್ತು ಜನ ಗಸ್ತಿನವರು ಕಾಡು ಸುತ್ತಿ ಹೆಬ್ಬಾಗಿಲಿಗೆ ಬಂದರು. ಎಲ್ಲರ ನಾಲಿಗೆ ಹೊರಗೆ. ಮುಂದೆ ಬೊಮ್ಮಣ್ಣ, ಕೋಟೆಯ ಜಟ್ಟಿ, ಆನೆಯಂಥ ಆಳು. ಬಾಗಿಲಲ್ಲೇ ಪಾಲಯ್ಯ ಕೈ ಅಗಲಿಸಿ ನಿಂತ.

“ಕೂರಬೇಡಿ! ಯಾರೂ ಕೂರಬೇಡಿ! ಕುಂಟಾಟ ಆಡೋಣ!”

“ಅಯ್ಯೋ ನಿನ್ನ! ಬೆಳಗಿನಿಂದ ನಡೆದಿದ್ದೀವಿ ಕಣೋ!”

“ಕುಂಟಿ! ಕುಂಟಿ!”

“ಕಾಲಿಗೆ ಮುಳ್ಳು ಹೊಕ್ಕಿದೆ ಕಣೋ ಪಾಲಯ್ಯ!” ಅಂದ ಬೊಮ್ಮಣ್ಣ.

“ಒಳ್ಳೇದೇ ಆಯ್ತಲ್ಲಣ್ಣ! ಕುಂಟೋಕೆ ಸಲೀಸು!”

ಬೊಮ್ಮಣ್ಣ ಕುಂಟಿದ. ಆಟಕ್ಕಲ್ಲ, ಪಾಲಯ್ಯನನ್ನು ಅಟ್ಟಿಸಿಕೊಂಡು ಹೋಗೋದಕ್ಕೆ. ದೂರು ಮನೆಗೆ ಬಂತು. ಮಾರಕ್ಕ ಹಣೆ ಚಚ್ಚಿಕೊಂಡಳು.

“ಪೆದ್ದ ಮುಂಡೇದೇ! ಹೊರಗಿಂದ ದಣಿದು ಬಂದೋರನ್ನ ಆಡಿಸ್ತಾರೇನೋ? ಕೂರಿಸಬೇಕು. ತಲೆಗೆ ಮೈಗೆ ಎಣ್ಣೆ ತಿಕ್ಕಬೇಕು, ಬಿಸಿನೀರು ಹುಯ್ಯಬೇಕು. ಬೇಡ ಬೇಡ ಅಂತಾರೆ, ಸಂಕೋಚ. ಬೇಡ ಅಂದರೂ ಬಿಡಬಾರದು!”

“ಹೂಂ ಅವ್ವಾ. ಇನ್ನು ಮರೆಯಲ್ಲ.”

ಮರೆಯಲೂ ಇಲ್ಲ. ವಾರ ಕಳೆದು ಕೋಟೆಯಲ್ಲಿ ಕುಸ್ತಿ. ಪಕ್ಕದ ಕೋಟೆಯ ಜಟ್ಟಿ ನಾಲ್ಕು ಹರದಾರಿ ನಡೆದು ಬಂದಿದ್ದ. ನಮ್ಮ ಬೊಮ್ಮಣ್ಣ ಅಖಾಡದ ಕೆಮ್ಮಣ್ಣು ಮೈಗೆ ಬಳಿದುಕೊಂಡು ತೊಡೆ ತಟ್ಟುತ್ತಿದ್ದ. ಇವತ್ತು ಗೆದ್ದರೆ ದಂಡಿನ ಮುಖದ ಗಂಟು ಬಿಚ್ಚುತ್ತದೆ ಅಂತ ಕಿಲ್ಲೇದಾರನ ಲೆಕ್ಕ.

ಪಾಲಯ್ಯ ಪರವೂರ ಜಟ್ಟಿಯನ್ನು ನೋಡಿದ. ಹೊರಗಿಂದ ಬಂದಿದ್ದಾನೆ. ದಣಿದಿದ್ದಾನೆ. ಹರಳೆಣ್ಣೆ ಕೊಡ ತಂದವನೇ ಗರಡಿ ಹಿಂದೆ ಹಿಡಿದು ಕೂರಿಸಿ ನೆತ್ತಿಯಿಂದ ಅಂಗಾಲಿನ ತನಕ ತಿಕ್ಕಿದ್ದೇ ತಿಕ್ಕಿದ್ದು.

“ಬೇಡ ತಮ್ಮ, ಕುಸ್ತಿ ಐತೆ, ಬೇಡ!”

“ನನಗೆ ಗೊತ್ತಿಲ್ವಾ? ಸಂಕೋಚ!”

ಬಿಸಿನೀರು ಕಾಯುವಷ್ಟರಲ್ಲಿ ತಮಟೆ ಬಡಿಯಿತು, ಜಟ್ಟಿ ತಪ್ಪಿಸಿಕೊಂಡು ಅಖಾಡಕ್ಕೆ ಹಾರಿದ. ಬೊಮ್ಮಣ್ಣ ತೋಳು ಹಿಡಿದ, ಜಾರಿತು. ಸೊಂಟ ಹಿಡಿದ, ಜಾರಿತು. ಕುತ್ತಿಗೆಗೆ ಕೈ ಹಾಕಿದ, ಕೈ ತಿರುಗಿ ತನ್ನ ಕುತ್ತಿಗೆಗೇ ಬಂತು. ಕೆರೆಯ ಬಾಳೆಮೀನನ್ನು ಯಾವ ಜಟ್ಟಿ ಚಿತ್ತು ಮಾಡಿದ್ದಾನೆ? ಬೊಮ್ಮಣ್ಣ ತಾನೇ ಜಾರಿ ಬೆನ್ನ ಮೇಲೆ ಬಿದ್ದ. ಒಂದು ದವಡೆ ಹಲ್ಲು ಅಲುಗಾಡಿಹೋಯಿತು.

“ಜಟ್ಟಿಗೆ ಎಣ್ಣೆ ಹಚ್ತಾರೇನೋ ಲೇ!” ಕಿಲ್ಲೇದಾರ ಕಿವಿ ಹಿಡಿದು ತಿರುಚಿದ. “ಇಬ್ಬರು ಸೆಣಸ್ತಾ ಇದ್ದರೆ ನೀನು ದೂರ ನಿಲ್ಲಬೇಕು. ‘ಭಲೇ! ಹಿಡಿ! ಬಿಡಬೇಡ!’ ಅಂತ ಕೂಗಬೇಕು. ಗೆಲ್ಲೋನನ್ನ ಹೆಗಲ ಮೇಲೆ ಹೊತ್ತು ಕೋಟೆ ಸುತ್ತು ಹಾಕಬೇಕು. ಅಷ್ಟೇ ನಿನ್ನ ಕೆಲಸ!”

“ಹೂಂ ಬುದ್ಧಿ. ಇನ್ನು ಮರೆಯಲ್ಲ.”

ಮೂರೇ ದಿನಕ್ಕೆ ಬೊಮ್ಮಣ್ಣನ ದವಡೆ ಊದಿ ಕುಂಬಳಕಾಯಿ. ಮದ್ದಿನ ಪಂಡಿತ ಇಕ್ಕಳ ಹಿಡಿದು ಬಂದ. ಸಣ್ಣ ಆಳು, ಕಡ್ಡಿಯ ಹಾಗೆ. ಬೊಮ್ಮಣ್ಣನ ಎದೆಯ ಮೇಲೆ ಮೊಣಕಾಲೂರಿ, ಬಾಯೊಳಗೆ ಇಕ್ಕಳ ಹಾಕಿ ಎಳೆದ. ಬೊಮ್ಮಣ್ಣ ಅವನ ಜುಟ್ಟು ಹಿಡಿದು ಎಳೆದ. ಪಾಲಯ್ಯ ಬಾಗಿಲಲ್ಲಿ ನಿಂತು ನೋಡಿದ. ಇಬ್ಬರೂ ಸೆಣಸುತ್ತಿದ್ದಾರೆ!

“ಭಲೇ ಪಂಡಿತರೇ! ಹಿಡಿ! ಬಿಡಬೇಡ! ಭಲೇ!”

“ಯಾವನೋ ಅವನು? ಸುಮ್ಮನಿರೋ!”

“ಪಂಡಿತರು ಮೇಲಿದ್ದಾರೆ! ಪಂಡಿತರು ಗೆದ್ದರು!”

ನುಗ್ಗಿದವನೇ ಪಂಡಿತನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಓಡಿದ. ಪಂಡಿತ ಬೆದರಿ ಇಕ್ಕಳ ಬಿಡಲಿಲ್ಲ. ಇಕ್ಕಳ ಹಲ್ಲು ಬಿಡಲಿಲ್ಲ. ಹಲ್ಲು ಬೊಮ್ಮಣ್ಣನನ್ನು ಬಿಡಲಿಲ್ಲ. ಮುಂದೆ ಪಾಲಯ್ಯ, ಮೇಲೆ ಪಂಡಿತ, ಹಿಂದೆ ಬಾಯಿ ತೆರೆದುಕೊಂಡು ಬೊಮ್ಮಣ್ಣ. ಆ ಆ ಆ ಅಂತ ಅರ್ಧ ಕೋಟೆ ಸುತ್ತು! ಮದ್ದುಗುಂಡಿನ ಮನೆ ಮೂಲೆ ತಿರುಗುವಾಗ ಹಲ್ಲು ಬಂತು. ಪಕ್ಕದ ಒಳ್ಳೆಯ ಹಲ್ಲೂ ಜೊತೆಗೆ ಬಂತು.

ಮಾರಕ್ಕ ಪೊರಕೆ ಹಿಡಿದೇ ಕಾಯುತ್ತಿದ್ದಳು.

“ಮನೆ ಕಳೀತೀಯ ನೀನು! ನೋವು ತಿನ್ನೋನ ಮುಂದೆ ಭಲೇ ಅಂತೀಯೇನೋ? ಯಾರಾದರೂ ಅಯ್ಯೋ ಸತ್ತೆ ಅಂದರೆ, ಕಂಬಳಿ ಹೊದಿಸಬೇಕು. ಕದ ಮುಚ್ಚಬೇಕು. ಜನರನ್ನ ಆಚೆ ಕಳಿಸಬೇಕು. ಮಾತಾಡೋಕೂ ಬಿಡಬಾರದು, ಶ್ ಅನ್ನಬೇಕು. ಶ್!”

“ಶ್! ಹೂಂ ಅವ್ವಾ. ಇನ್ನು ಮರೆಯಲ್ಲ.”

ಅಮಾವಾಸ್ಯೆ ದಿನ ಕೋಟೆಗೆ ಬಿಡುವು. ಚಾವಡಿಯಲ್ಲಿ ಚೌಕಾಬಾರ ಹಾಸು. ಒಂದು ಕಡೆ ಕಿಲ್ಲೇದಾರ, ಎದುರಿಗೆ ಬೊಮ್ಮಣ್ಣ, ಸುತ್ತ ಜನ. ಕಿಲ್ಲೇದಾರನ ಕಾಯಿ ಸುತ್ತೆಲ್ಲ ಸುತ್ತಿ ಇನ್ನೇನು ಹಣ್ಣಾಗಬೇಕು. ಬೊಮ್ಮಣ್ಣ ಕವಡೆ ಎಸೆದ, ಕಾಯಿ ಹೊಡೆದ.

“ಅಯ್ಯೋ ಸತ್ತೆ!” ಕಿಲ್ಲೇದಾರ ಎದೆ ಹಿಡಿದುಕೊಂಡ. “ಕೊಂದ್ಯಲ್ಲೋ ಬೊಮ್ಮ!”

ದಪ್ಪನೆ ಕಂಬಳಿ ಬಿತ್ತು ಕಿಲ್ಲೇದಾರನ ತಲೆ ಮೇಲೆ. “ಎದ್ದೇಳಿ! ಎಲ್ಲರೂ ಆಚೆ!” ಪಾಲಯ್ಯ ಜನರನ್ನು ಹೊರದಬ್ಬಿ ಕದ ಮುಚ್ಚಿ ಅಗಳಿ ಹಾಕಿದ.

“ಬಿಡೋ! ಉಸಿರು ಕಟ್ತಿದೆ!”

“ಶ್!”

“ನಾನು ಕಿಲ್ಲೇದಾರ ಕಣೋ!”

“ಶ್! ನೋವು ಮಾತಾಡಿಸ್ತಿದೆ, ಬುದ್ಧಿ. ಶ್!”

ಕದ ಮುರಿದು ಬಿಡಿಸಿದಾಗ ಕಿಲ್ಲೇದಾರನ ಮೀಸೆ ತುಂಬ ಕಂಬಳಿಯ ನೂಲು. ಆವತ್ತೇ ಮನೆ ಖಾಲಿ ಮಾಡಿಸುತ್ತಿದ್ದ. ಮಾರಕ್ಕ ಕಾಲಿಗೆ ಬಿದ್ದಳು. ದೊರೆ ಬರೋದಕ್ಕೆ ನಾಲ್ಕೇ ದಿನ, ಬೇರೆ ಆಳು ಎಲ್ಲಿ ಹುಡುಕುವುದು?

“ಕೇಳೋ ಕತ್ತೆ! ಆಟದಲ್ಲಿ ಹೊಡೆದರೆ ಯಾರೂ ಸಾಯಲ್ಲ! ಹೊಡೆಸಿಕೊಂಡಿದ್ದು ಎಲ್ಲಿಂದ ಹೊರಟಿತ್ತೋ ಅಲ್ಲಿಗೆ ವಾಪಸು ಹೋಗಬೇಕು. ಹೋಗಿ ಮೊದಲಿಂದ ಬರಬೇಕು. ಒಂದು ಪೆಟ್ಟಿಗೆ ಒಂದು ಸಲ. ಅದು ಆಟದ ಕಟ್ಟಳೆ!”

“ಎಷ್ಟು ಪೆಟ್ಟೋ ಅಷ್ಟು ಸಲ. ಹೂಂ ಬುದ್ಧಿ. ಇನ್ನು ಮರೆಯಲ್ಲ.”

ದೊರೆ ಬರುವ ದಿನ ಬಂತು. ಕಿಲ್ಲೇದಾರ ಎದುರುಗೊಳ್ಳಲು ಗುಡ್ಡ ಇಳಿದ. ಹಿತ್ತಲ ಬಾಗಿಲ ಬಯಲಲ್ಲಿ ದೊರೆಗೆ ತೋರಿಸೋದಕ್ಕೆ ಹುಸಿಕಾಳಗದ ಅಭ್ಯಾಸ. ಕತ್ತಿಯ ಬದಲು ಕೋಲು, ಕೋಲಿನ ತುದಿಗೆ ಬಟ್ಟೆ ಸುತ್ತಿ ಕೆಮ್ಮಣ್ಣಲ್ಲಿ ಅದ್ದಿರುತ್ತಾರೆ. ಪೆಟ್ಟು ಬಿದ್ದ ಕಡೆ ಕೆಂಪು ಗುರುತು.

ಮೊದಲ ಗುರುತು ಬಿದ್ದವನನ್ನು ಪಾಲಯ್ಯ ಹಿಡಿದ. “ಇದು ಆಟವೋ ನಿಜವೋ?”

“ಆಟ ಕಣೋ.”

“ನೀನೆಲ್ಲಿಂದ ಹೊರಟಿದ್ದು?”

“ಎಲ್ಲಿಂದ ಅಂದರೆ? ನಮ್ಮ ಊರಿಂದ. ದೊಡ್ಡಗೊಲ್ಲರಹಟ್ಟಿಯಿಂದ.”

“ಹಾಗಾದರೆ ಹೋಗು. ಅಲ್ಲಿಗೆ ಹೋಗಿ ಮೊದಲಿಂದ ಬಾ. ಕಿಲ್ಲೇದಾರರ ಕಟ್ಟಳೆ.”

ಆಳು ಪಾಲಯ್ಯನ ಮುಖ ನೋಡಿದ. ತೆರೆದ ಹಿತ್ತಲ ಬಾಗಿಲು ನೋಡಿದ. ಕೋಲು ಅಲ್ಲಿ, ಆಳು ಇಲ್ಲ!

ಸುದ್ದಿ ಹಬ್ಬೋದಕ್ಕೆ ಎಷ್ಟು ಹೊತ್ತು? ಅದುವರೆಗೆ ಪೆಟ್ಟು ತಪ್ಪಿಸಿಕೊಳ್ಳುತ್ತಿದ್ದವರೆಲ್ಲ ಕೋಲಿಗೆ ಎದೆ ಕೊಟ್ಟು ಬಂದರು.

“ಅಣ್ಣಾ, ನನಗೊಂದು ಹಾಕು!”

“ಏ, ಸರದಿ ನಂದು!”

“ಬೆನ್ನಿಗೆ ಹೊಡಿ ಮಾರಾಯ, ಹೆಂಡತಿ ಎದುರಿಗೆ ಎದೆ ಕೆಂಪಾದರೆ ಹೆದರ್ತಾಳೆ!”

ಬೊಮ್ಮಣ್ಣನಿಗೆ ಆತುರದಲ್ಲಿ ಎರಡು ಬಿದ್ದವು. “ಎರಡು ಗುರುತು ಅಣ್ಣ, ಎರಡು ಸಲ,” ಅಂದ ಪಾಲಯ್ಯ. ಬೊಮ್ಮಣ್ಣ ಅವನನ್ನು ಮೊದಲ ಸಲ ತಬ್ಬಿಕೊಂಡ.

ದೊರೆ ಹೆಬ್ಬಾಗಿಲು ದಾಟಿ ಬಂದರೆ ಬಯಲಲ್ಲಿ ಮೂವತ್ತು ಕೋಲು, ಒಬ್ಬ ಪಾಲಯ್ಯ.

“ದಂಡು ಎಲ್ಲಯ್ಯಾ?”

“ಹೊರಟ ಜಾಗಕ್ಕೆ ಹೋಗಿದೆ ಮಹಾಸ್ವಾಮಿ. ಮೊದಲಿಂದ ಬರುತ್ತೆ.”

ಕಿಲ್ಲೇದಾರ ಬಿಳಿಚಿಕೊಂಡ. “ಬರಲ್ಲ ಪ್ರಭು! ಒಬ್ಬನೂ ಬರಲ್ಲ! ಲೇ ಮಾರಕ್ಕ, ಪಾತ್ರೆ ಕಟ್ಟು! ಮನೆ ಖಾಲಿ!”

ದೊರೆ ವಯಸ್ಸಾದವರು. “ತಡಿ ನಾಯಕ. ಇವರು ಊರು ಕಂಡು ಎಷ್ಟು ದಿನ?”

“ಮೂರು... ಮೂರು ವರ್ಷ ಪ್ರಭು.”

“ಎಲ್ಲಕ್ಕಿಂತ ದೂರದ ಊರು?”

“ನಾಲ್ಕು ದಿನದ ದಾರಿ.”

“ಸರಿ. ಎಂಟು ದಿನ ಇಲ್ಲೇ ಇರ್ತೀನಿ. ನನ್ನ ಆಳುಗಳು ಕಾವಲು ಕಾಯ್ತಾರೆ. ಮೂವತ್ತಕ್ಕೆ ಮೂವತ್ತೂ ಬಂದರೆ ಮನೆ ಅವಳದು. ಒಬ್ಬ ಕಡಿಮೆಯಾದರೂ ನಿನ್ನ ಮಾತೇ ನಡೀಲಿ.”

ಮಾರಕ್ಕ ಪಾತ್ರೆ ಕಟ್ಟಿಟ್ಟು ಹಿತ್ತಲ ಬಾಗಿಲಲ್ಲಿ ಕೂತಳು. ಐದನೇ ದಿನ ಆರು ಜನ ಬಂದರು, ಆರನೇ ದಿನ ಒಂಬತ್ತು. ಗಂಟಿನಲ್ಲಿ ಹುರಿಗಡಲೆ, ಎಳ್ಳಿನ ಚಿಗಳಿ, ಒಬ್ಬನ ಹೆಗಲ ಮೇಲೆ ಅವನು ಮುಖವೇ ನೋಡಿರದ ಮೂರು ವರ್ಷದ ಮಗಳು. ಕೆಲವರು ತಮ್ಮನನ್ನೂ ಭಾವಮೈದನನ್ನೂ ದಂಡಿಗೆ ಸೇರಿಸಿ ಅಂತ ಕರೆತಂದರು. ಬಂದವರೆಲ್ಲರ ಬಾಯಿ ಕಿವಿಯ ತನಕ. ಎಂಟನೇ ದಿನ ಹೊತ್ತು ಇಳಿಯುವಾಗ ಇಪ್ಪತ್ತೊಂಬತ್ತು.

ಬೊಮ್ಮಣ್ಣ ಇಲ್ಲ.

“ಅವನೂರು ಎರಡೇ ದಿನದ ದಾರಿ,” ಅಂದ ಕಿಲ್ಲೇದಾರ, ಮೀಸೆ ತೀಡುತ್ತ. “ಬರೋದಾಗಿದ್ದರೆ ನಾಲ್ಕು ದಿನದ ಹಿಂದೆ ಬರ್ತಿದ್ದ. ಏಳು ಮಾರಕ್ಕ.”

ಮಾರಕ್ಕ ಎದ್ದಳು. ಗಂಟು ತಲೆಗೇರಿಸಿದಳು. ಅಷ್ಟರಲ್ಲಿ ಗುಡ್ಡದ ತಿರುವಿನಲ್ಲಿ ಕುಂಟುತ್ತಾ, ಏದುಸಿರು ಬಿಡುತ್ತಾ ಬೊಮ್ಮಣ್ಣ!

“ಎಲ್ಲಿ ಹಾಳಾಗಿದ್ಯೋ ಇಷ್ಟು ದಿನ?” ಕಿಲ್ಲೇದಾರ ಕಿರುಚಿದ.

“ಎರಡು ಗುರುತು ಬಿದ್ದಿತ್ತಲ್ಲ ನಾಯಕರೇ! ಊರಿಗೆ ಹೋದೆ. ನಾಲ್ಕನೇ ದಿನ ಸರಿರಾತ್ರಿ ಈ ಬಾಗಿಲ ತನಕ ಬಂದೆ, ಕದ ಮುಚ್ಚಿತ್ತು, ಯಾರೂ ಕಾಣಲಿಲ್ಲ. ಬಾಗಿಲು ಮುಟ್ಟಿ ಇನ್ನೊಂದು ಸಲ ಹೋದೆ. ಕಟ್ಟಳೆ ಅಂದರೆ ಕಟ್ಟಳೆ. ನನ್ನ ಹೆಂಡತಿನೂ ಕೇಳಿದಳು, ಮೂರನೇ ಗುರುತು ಯಾಕೆ ಬೀಳಲಿಲ್ಲ ಅಂತ.”

ದೊರೆ ನಕ್ಕರು. ಮೂವತ್ತು ಜನ ನಕ್ಕರು. ಕಿಲ್ಲೇದಾರನೂ ನಗಲೇಬೇಕಾಯಿತು. ಅಂದಿನಿಂದ ವರ್ಷಕ್ಕೊಂದು ಸಲ ಎಲ್ಲರಿಗೂ ಊರಿನ ರಜೆ ಅಂತ ಅಪ್ಪಣೆಯಾಯಿತು. ಮಾರಕ್ಕ ಗಂಟು ಇಳಿಸಿ, ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಎಂಟು ದಿನದಿಂದ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ.

ದೊರೆ ಪಾಲಯ್ಯನ ಬೆನ್ನು ತಟ್ಟಿದರು. “ಇನ್ನು ಆ ಮನೆ ನಿಮ್ಮದು. ಯಾರೇ ಬಂದು ಬಾಗಿಲು ಬಡಿದರೂ, ಅತ್ತರೂ, ಗದರಿದರೂ ಬಿಟ್ಟುಕೊಡಬೇಡ.”

“ಹೂಂ ಮಹಾಸ್ವಾಮಿ. ಇನ್ನು ಮರೆಯಲ್ಲ.”

ಮಾರಕ್ಕ ತುಂಬಿದ ಕೊಡ ಹೊತ್ತು ಬಂದರೆ ಬಾಗಿಲಿಗೆ ಒಳಗಿಂದ ಅಗಳಿ.

“ಪಾಲಯ್ಯ, ತೆಗಿಯೋ!”

“ಆಗಲ್ಲ! ದೊರೆ ಅಪ್ಪಣೆ!”

“ನಾನು ಕಣೋ, ನಿನ್ನ ಹೆತ್ತವ್ವ!”

“ಯಾರೇ ಬಂದರೂ ಅಂದಿದ್ದಾರೆ!”

ಗದರಿದಳು. “ಗದರಿದರೂ ಅಂದಿದ್ದಾರೆ!” ಅತ್ತಳು. “ಅತ್ತರೂ ಅಂದಿದ್ದಾರೆ!” ಬೀದಿಯೆಲ್ಲ ಸೇರಿತು. ಯಾವ ಮನೆಗಾಗಿ ಇಷ್ಟೆಲ್ಲ ಪಟ್ಟಳೋ ಆ ಮನೆಯ ಹೊಸ್ತಿಲಲ್ಲಿ ಮಾರಕ್ಕ ಕೂತಳು. ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮೆಲ್ಲಗೆ ಅಂದಳು:

“ಲೇ ಮಗಾ, ನಾನು ಹೊರಗಿಂದ ದಣಿದು ಬಂದಿದ್ದೀನಿ ಕಣೋ.”

ಮಾರಕ್ಕ ಕದದ ಸಂದಿಗೆ ಬಾಯಿ ಇಟ್ಟಳು.

“ಹೊರಗಿಂದ ದಣಿದು ಬಂದೋರಿಗೆ ಏನು ಮಾಡು ಅಂದಿದ್ದೆ?”

“ಅಯ್ಯೋ ಹೌದಲ್ವಾ ಅವ್ವಾ!”

ಅಗಳಿ ಸರಿಯಿತು, ಕದ ತೆರೆಯಿತು. ಜನರ ನಡುವೆ ಇದ್ದ ಬೊಮ್ಮಣ್ಣ ಪಾಲಯ್ಯನ ಕೈ ನೋಡಿದವನೇ, ಕುಂಟುಗಾಲಲ್ಲೇ ಮೊದಲು ಓಡಿದ. ಮಾರಕ್ಕ ಓಡುವಷ್ಟರಲ್ಲಿ ಹರಳೆಣ್ಣೆ ಕೊಡ ಅವಳ ನೆತ್ತಿಯ ಮೇಲೆ ಬೋರಲಾಗಿತ್ತು.

“ಬೇಡ ಕಣೋ! ಸೀರೆ ಕಣೋ! ಬೇಡವೋ!”

“ಸಂಕೋಚ ಅವ್ವಾ, ಸಂಕೋಚ! ಬೇಡ ಅಂದರೂ ಬಿಡಲ್ಲ!”

ಅಂತೂ ಮಾರಕ್ಕ ತನ್ನ ಮನೆಯೊಳಕ್ಕೆ ಹೋದಳು. ನಡೆದುಕೊಂಡಲ್ಲ, ಜಾರಿಕೊಂಡು. ಸಂಜೆಗೆ ಕೋಟೆ ಪೇಟೆಯಲ್ಲಿ ಒಂದು ಹಿಡಿ ಸೀಗೆಪುಡಿ ಉಳಿದಿರಲಿಲ್ಲ. ಯಾರು ಗೆದ್ದರೂ ಯಾರು ಸೋತರೂ ಸೀಗೆ ಮಾರುವವನಿಗೆ ನಷ್ಟವಿಲ್ಲ ನೋಡಿ.

ತೂಕಕ್ಕೆ ಸರಿಯಾಯಿತು. ಮೇಲೆ ಕೊಸರು ಕೇಳಬೇಡಿ.