ನೀರಲಕೊಪ್ಪದ ಹಸಿರು ಬಾವುಟ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಮಂತ್ರ ಕಡಿಮೆ, ಕಂಪ್ಯೂಟರು ಹೆಚ್ಚು. ಗುರುಗಳ ಹೆಸರು ನಿರ್ವಾಣಯ್ಯ. ಆದರೆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಅಪ್ಪಾರು.

ಅಪ್ಪಾರು ಹಿಂದೊಮ್ಮೆ ಹೊಳೆಗಾಗಿ ಒಂದು ಪ್ರೋಗ್ರಾಂ ಬರೆದಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ಯಾವ ದಂಡೆಯಲ್ಲಿ ಎಷ್ಟು ಏರುತ್ತದೆ ಎಂದು ಅದು ಮೊದಲೇ ಹೇಳುತ್ತಿತ್ತು.

ದೋಣಿ ಬಿಡುವ ಪ್ರತಿ ದಂಡೆಯಲ್ಲೂ ಒಂದು ಸಣ್ಣ ಕೋಣೆ, ಕೋಣೆಯಲ್ಲೊಂದು ಕಂಪ್ಯೂಟರು, ಅದರೊಳಗೆ ಈ ಪ್ರೋಗ್ರಾಂ. ಪರದೆ ಹಸಿರಾದರೆ ಅಂಬಿಗ ಹಸಿರು ಬಾವುಟ ಏರಿಸಿ ದೋಣಿ ಬಿಡುತ್ತಾನೆ. ಕೆಂಪಾದರೆ ಕೆಂಪು ಬಾವುಟ, ದೋಣಿ ಗೂಟಕ್ಕೆ.

ಹನ್ನೆರಡು ಅಡಿ ದಾಟಿದರೆ ಕೆಂಪು. ದೋಣಿಯಲ್ಲಿ ಸಾಲೆಗೆ ಹೋಗುವ ಮಕ್ಕಳಿಗೂ ಈ ಲೆಕ್ಕ ಬಾಯಿಪಾಠ.

ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದವನು ಶಿಷ್ಯ ಶರಭ. ಚುರುಕಿನವನು, ಅವಸರದವನು. ಎರಡೂ ಒಂದೇ ಎಂದು ನಂಬಿದ್ದವನು.

ಅವನು ಬಂದಾಗ ಪ್ರೋಗ್ರಾಂ ಒಂದೇ ದೊಡ್ಡ ಗಂಟಾಗಿತ್ತು. ಎಲ್ಲೋ ಒಂದು ಕಡೆ ತಿದ್ದಿದರೂ ಇಡೀ ಗಂಟನ್ನೇ ಇಂಟರ್‌ನೆಟ್ಟಿನಲ್ಲಿ ಕಳಿಸಬೇಕು. ದಂಡೆಯ ಹಳ್ಳಿಗಳಲ್ಲಿ ನೆಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಟು ಅರ್ಧ ದಾರಿಯಲ್ಲೇ ಕೂತುಬಿಡುತ್ತಿತ್ತು.

ಶರಭ ಗಂಟು ಬಿಚ್ಚಿ ತುಂಡು ತುಂಡಾಗಿ ಮಾಡಿದ. ನೀರಿನ ಅಂಕಿ ತರುವ ತುಂಡು ಬೇರೆ, ಬಾವುಟದ ಬಣ್ಣ ಹೇಳುವ ತುಂಡು ಬೇರೆ. ಯಾವುದನ್ನು ತಿದ್ದಿದೆವೋ ಅದನ್ನಷ್ಟೇ ಕಳಿಸಿದರೆ ಸಾಕು. ದಂಡೆಯ ಕಂಪ್ಯೂಟರು ತಾನೇ ಅದನ್ನು ಎಳೆದುಕೊಂಡು ಹಳೆಯದರ ಜಾಗದಲ್ಲಿ ಕೂರಿಸಿಕೊಳ್ಳುತ್ತದೆ.

ಅಪ್ಪಾರಿಗೆ ಇದು ಹಿಡಿಸಿತು. ಒಂದನ್ನು ಮಾತ್ರ ಕೇಳಿದರು. ಎರಡು ತುಂಡು ಒಟ್ಟಿಗೆ ಕಳಿಸಿದಾಗ, ಮೊದಲು ಹೋದದ್ದು ಎರಡನೆಯದರ ದಾರಿ ಕಾಯುತ್ತದೋ ಇಲ್ಲವೋ?

ಕಾಯುವುದೇಕೆ ಎಂದ ಶರಭ. ಬಂದದ್ದು ಬಂದ ಹಾಗೆ ಕೆಲಸಕ್ಕೆ ಹತ್ತುತ್ತದೆ, ಅದೇ ಅದರ ಚೆಂದ ಎಂದ.

ಅಪ್ಪಾರು ಮಧ್ಯಾಹ್ನ ದಾಸೋಹದಲ್ಲಿ ಅವನನ್ನು ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು.

ಅನ್ನ ಸಾರು ಅವನ ಎಲೆಗೇ ಮೊದಲು ಬಿತ್ತು. ಆದರೆ ಆಶ್ರಮದ ಪದ್ಧತಿಯಲ್ಲಿ ಕಡೆಯ ಎಲೆಗೆ ಬಡಿಸಿ, ಬಡಿಸುವವರು ‘ಹರ ಹರ ಮಹಾದೇವ’ ಅನ್ನುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಅವತ್ತು ಮಂದಿ ಬಹಳ. ಪಂಕ್ತಿ ಅಂಗಳದ ತುದಿಯವರೆಗೂ ಹೋಗಿತ್ತು. ಶರಭನ ಸಾರು ಆರಿತು, ಹೊಟ್ಟೆ ಚುರುಗುಟ್ಟಿತು.

“ಮೊದಲನೇ ಎಲಿಯವ ಯಾಕ ಉಣವಲ್ಲ?” ಎಂದು ಅಪ್ಪಾರು ಕೇಳಿದರು.

“ಕಡೀ ಎಲಿಗೆ ಇನ್ನೂ ಬಂದಿಲ್ರಿ.”

“ಹೌದಾ?” ಎಂದು ಅವರು ಮುಂದೆ ಹೋದರು.

ಶರಭ ಇದನ್ನು ಸಂಯಮದ ಪಾಠ ಎಂದುಕೊಂಡ. ಪಾಠದಲ್ಲಿ ತಾನು ಪಾಸಾದೆ ಎಂದೂ ಅಂದುಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡ.

ಮಳೆಗಾಲ ಬಂತು. ಇಷ್ಟು ದಿನ ಅಡಿಯಲ್ಲಿ ಅಂಕಿ ಕೊಡುತ್ತಿದ್ದ ಅಣೆಕಟ್ಟಿನವರು ಇನ್ನು ಮೇಲೆ ಮೀಟರಿನಲ್ಲಿ ಕೊಡುತ್ತೇವೆ ಎಂದರು.

ಶರಭನಿಗೆ ಅದು ಸಣ್ಣ ಕೆಲಸ. ನೀರಿನ ತುಂಡು ಮೀಟರಿನ ಅಂಕಿಯನ್ನು ತರುವಂತೆ ತಿದ್ದಿದ. ಬಾವುಟದ ತುಂಡು ಆ ಮೀಟರನ್ನು ಅರಿತು ಬಣ್ಣ ಹೇಳುವಂತೆ ತಿದ್ದಿದ. ಬೆಳಿಗ್ಗೆ ಎರಡನ್ನೂ ಕಳಿಸಿ ಪರದೆಯ ಮುಂದೆ ಕೂತ.

ಒಂದೊಂದೇ ದಂಡೆಯ ಹೆಸರಿನ ಎದುರು ‘ಮುಟ್ಟಿದೆ, ಮುಟ್ಟಿದೆ’ ಎಂದು ಬೀಳತೊಡಗಿತು. ಶರಭ ಚಹಾ ತರಿಸಿಕೊಂಡ.

ಒಂದು ಹೆಸರು ಮಾತ್ರ ಉಳಿಯಿತು. ನೀರಲಕೊಪ್ಪ. ನೀರಿನ ತುಂಡು, ಮುಟ್ಟಿದೆ. ಬಾವುಟದ ತುಂಡು, ಅರ್ಧ.

ಅವನು ಕಾದ. ಅರ್ಧ ಅರ್ಧವೇ ಆಗಿತ್ತು. ಆ ಕಡೆಯ ಟವರು ನಿಂತುಹೋಗಿತ್ತು. ನಿಲ್ಲುವ ಮೊದಲು ಆ ಕಂಪ್ಯೂಟರು ಪಡೆದಿದ್ದ ಕಡೆಯ ಅಂಕಿ ಕೆಳಗೆ ಕಾಣುತ್ತಿತ್ತು: ಐದು.

ಐದು ಮೀಟರು. ಅಂದರೆ ಹದಿನಾರು ಅಡಿಯ ಮೇಲೆ ಏರುವ ನೀರು. ಅಣೆಕಟ್ಟಿನಿಂದ ಅದು ಆಗಲೇ ಹೊರಟಿತ್ತು.

ನೀರಲಕೊಪ್ಪದಲ್ಲಿ ಹೊಸ ನೀರಿನ ತುಂಡು ‘ಐದು’ ಎಂದು ಹೇಳುತ್ತದೆ. ಹಳೆಯ ಬಾವುಟದ ತುಂಡಿಗೆ ಮೀಟರು ಗೊತ್ತಿಲ್ಲ. ಅದು ಐದು ಅಡಿ ಎಂದು ತಿಳಿಯುತ್ತದೆ. ಐದು ಅಡಿಗೆ ಹಸಿರು.

ಶರಭನಿಗೆ ಆ ಪಂಕ್ತಿ ನೆನಪಾಯಿತು. ಇಲ್ಲಿ ಕಡೆಯ ಎಲೆಗೆ ಬರುವ ಮೊದಲೇ ಮೊದಲ ಎಲೆಯವನು ಉಂಡುಬಿಟ್ಟಿದ್ದ.

ನೀರಲಕೊಪ್ಪದ ಅಂಬಿಗ ಹುಲಗಪ್ಪನಿಗೆ ಫೋನು ಮಾಡಿದ. ಹತ್ತಲಿಲ್ಲ. ಮತ್ತೆ ಮಾಡಿದ. ಟವರು ನಿಂತ ಊರಿಗೆ ಫೋನು ಹೇಗೆ ಹತ್ತೀತು ಎಂದು ಗೊತ್ತಿದ್ದೂ ಮತ್ತೆ ಮಾಡಿದ.

ಅಪ್ಪಾರು ಬಾವಿಯ ಹತ್ತಿರ ಧೋತರ ಹಿಂಡುತ್ತಿದ್ದರು. ಶರಭ ಓಡಿ ಬಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ತುಂಡನ್ನು ತಿರುಗಿ ಕಳಿಸಲೇ? ಎಲ್ಲ ದಂಡೆಯಲ್ಲೂ ಹಳೆಯದನ್ನೇ ಕೂರಿಸಲೇ? ಏನು ಮಾಡಿದರೆ ನೀರಲಕೊಪ್ಪಕ್ಕೆ ಮುಟ್ಟೀತು?

“ಅಲ್ಲಿಗೆ ದಾರಿ ಐತೇನು?” ಎಂದರು ಅಪ್ಪಾರು.

“ನೆಟ್ಟಿನ ದಾರಿ ಪೂರಾ ಬಂದ್ ಐತ್ರಿ.”

“ನಾ ಗಾಡಿ ದಾರಿ ಕೇಳಿದೆ.”

ಅವರು ಹಿಂಡಿದ ಧೋತರವನ್ನು ಬಾವಿಯ ಕಟ್ಟೆಯ ಮೇಲೆ ಹಾಗೆಯೇ ಬಿಟ್ಟು ಬೈಕಿನ ಹಿಂದೆ ಕೂತರು. ಶರಭ ಎರಡೂ ತುಂಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದ.

ಹೊಳೆಯ ಪಕ್ಕದ ದಾರಿ. ಪಕ್ಕದಲ್ಲಿ ನೀರು ಇನ್ನೂ ಸುಮ್ಮನೆ ಹರಿಯುತ್ತಿತ್ತು. ಅದು ಸುಮ್ಮನಿದ್ದಷ್ಟೂ ಶರಭ ಬೈಕಿನ ವೇಗ ಹೆಚ್ಚಿಸಿದ. ಹಿಂದಿನಿಂದ ಬರುತ್ತಿರುವ ನೀರು ಮುಂದೋ, ತನ್ನ ಬೈಕು ಮುಂದೋ ಅವನಿಗೆ ತಿಳಿಯಲಿಲ್ಲ.

ಹೆದರಿದವನ ಬಾಯಿ ಸುಮ್ಮನಿರುವುದಿಲ್ಲ. ದಾರಿಯುದ್ದಕ್ಕೂ ಮಾತಾಡಿದ. ಅಡಿಯೇ ಚೆನ್ನಾಗಿತ್ತು, ಮೀಟರು ಯಾರು ಕೇಳಿದ್ದರು ಎಂದ. ಆ ಟವರಿನವರಿಗೆ ಹೇಳುವವರು ಕೇಳುವವರು ಇಲ್ಲ ಎಂದ. ಆಮೇಲೆ ದನಿ ಇಳಿಸಿ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಬಾವುಟ ಒಂದು ಸಲ ಸುಳ್ಳು ಹೇಳಿತು ಎಂದು ಗೊತ್ತಾದರೆ ಇನ್ನು ಯಾವ ದಂಡೆಯಲ್ಲೂ ಯಾರೂ ಅದನ್ನು ನಂಬುವುದಿಲ್ಲ. ಅಪ್ಪಾರು ಇಷ್ಟು ವರ್ಷ ಗಳಿಸಿದ ನಂಬಿಕೆ ತನ್ನಿಂದ ಹಾಳಾಗುತ್ತದೆ. ಆದ್ದರಿಂದ ಗದ್ದಲ ಬೇಡ. ಕೋಣೆಗೆ ಹೋಗಿ ಸದ್ದಿಲ್ಲದೆ ಬಾವುಟದ ತುಂಡು ಹಾಕಿದರೆ ಪರದೆ ತಾನೇ ಕೆಂಪಾಗುತ್ತದೆ. ಹುಲಗಪ್ಪ ನೋಡಿ ಬಾವುಟ ಬದಲಿಸುತ್ತಾನೆ. ಯಾರಿಗೂ ಏನೂ ತಿಳಿಯುವುದಿಲ್ಲ.

“ತೆಗ್ಗು ಐತಿ, ನೋಡಿ ಹೊಡಿ,” ಎಂದರು ಅಪ್ಪಾರು.

ನೀರಲಕೊಪ್ಪದ ತಿರುವಿನಲ್ಲಿ ಮೊದಲು ಕಂಡದ್ದು ಬಾವುಟ. ಹಸಿರು.

ಶರಭನ ಕಣ್ಣು ದೋಣಿಯನ್ನು ಹುಡುಕಿತು. ಅದು ಇನ್ನೂ ದಂಡೆಯಲ್ಲೇ ಇತ್ತು.

ದೋಣಿಯಲ್ಲಿ ಜನ ಕೂತಿದ್ದರು. ಸೊಪ್ಪಿನ ಬುಟ್ಟಿಗಳ ಹೆಂಗಸರು, ಸೈಕಲ್ಲು ಹಿಡಿದುಕೊಂಡ ಒಬ್ಬ ಮಾಸ್ತರ, ಕೂಸಿಗೆ ಸೆರಗು ಮುಚ್ಚಿ ಹಾಲು ಕುಡಿಸುತ್ತಿದ್ದ ತಾಯಿ. ಹುಲಗಪ್ಪ ಮೇಲಿನ ಅಂಗಡಿಯ ಬೆಂಚಿನಲ್ಲಿ ಬಿಸಿ ಚಹಾ ಊದಿಕೊಂಡು ಕುಡಿಯುತ್ತಿದ್ದ.

ಒಂದು ಕಪ್ಪು ಚಹಾದಷ್ಟು ಹೊತ್ತಿದೆ ಎಂದು ಶರಭ ಲೆಕ್ಕ ಹಾಕಿದ. ಕೂಗಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡ. ತಲೆ ತಗ್ಗಿಸಿ ಕೋಣೆಯೊಳಗೆ ಹೋದ.

ಹಳೆಯ ಕಂಪ್ಯೂಟರು. ಪೆನ್‌ಡ್ರೈವು ಚುಚ್ಚಿದರೆ ಅದಕ್ಕೆ ತಿಳಿಯಲೇ ಇಲ್ಲ. ತೆಗೆದು ಒರೆಸಿ ಮತ್ತೆ ಚುಚ್ಚಿದ. ಅವಸರದಲ್ಲಿ ಎರಡು ಸಲ ಪಾಸ್‌ವರ್ಡು ತಪ್ಪಿತು. ತುಂಡು ಇಳಿಯತೊಡಗಿತು. ಪರದೆಯ ಮೇಲೆ ಒಂದು ಗೆರೆ ಇರುವೆಯ ಹಾಗೆ ಮುಂದಕ್ಕೆ ಹೊರಟಿತು.

ಈಗ ಆಗುತ್ತದೆ, ಈಗ ಆಗುತ್ತದೆ ಎಂದುಕೊಂಡ. ಕಿಟಕಿಯಿಂದ ಹೊರಗೆ ನೋಡಿದ.

ಅಂಗಡಿಯ ಬೆಂಚಿನಲ್ಲಿ ಹುಲಗಪ್ಪ ಇರಲಿಲ್ಲ. ಅವನು ದೋಣಿಯ ಮುಂದಿನ ಹಗ್ಗ ಬಿಚ್ಚುತ್ತಿದ್ದ. ದೋಣಿಯ ಹಿಂದಿನ ತುದಿಯಲ್ಲಿ, ಸೊಪ್ಪಿನ ಬುಟ್ಟಿಗಳ ನಡುವೆ, ಅಪ್ಪಾರು ಕೂತಿದ್ದರು.

ಗೆರೆ ಇನ್ನೂ ಅರ್ಧದಲ್ಲಿತ್ತು.

ಶರಭ ಅದನ್ನು ಅಲ್ಲಿಗೇ ಬಿಟ್ಟು ಓಡಿದ. ಚಪ್ಪಲಿ ಎಲ್ಲೋ ಬಿತ್ತು. ಮೆಟ್ಟಿಲು ಇಳಿದನೋ ಜಾರಿದನೋ, ಸೊಂಟದವರೆಗಿನ ನೀರಿನಲ್ಲಿ ನಿಂತು ಎರಡೂ ಕೈಯಿಂದ ದೋಣಿಯ ಮೂತಿ ಹಿಡಿದ.

“ಇಳೀರಿ. ಎಲ್ಲಾರೂ ಇಳೀರಿ. ಬಾವುಟ ಸುಳ್ಳೈತಿ. ದೊಡ್ಡ ನೀರು ಬರಾಕ ಹತ್ತೈತಿ.”

ಬಾವುಟ ಹೇಗೆ ಸುಳ್ಳಾದೀತು ಎಂದು ಮಾಸ್ತರ ಕೇಳಿದ. ಹುಲಗಪ್ಪನೂ ಹೊಳೆಯನ್ನು ನೋಡಿದ, ಬಾವುಟವನ್ನು ನೋಡಿದ. ಎರಡೂ ತಣ್ಣಗಿದ್ದವು.

“ನಾ ಕಳಿಸಿದ್ದು ಅರ್ಧಾನ ಬಂದೈತ್ರಿ. ತಪ್ಪು ನಂದು. ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲ ಇಳೀರಿ.”

ಅವನ ಮುಖ ನೋಡಿ ಜನ ಇಳಿದರು. ಮಾತಿಗಿಂತ ಮುಖಕ್ಕೇ ಹೆದರಿದರು. ಬುಟ್ಟಿ ಇಳಿಸುತ್ತಾ ಒಬ್ಬ ಹೆಂಗಸು, ಹಂಗಾದರೆ ಇಷ್ಟು ದಿನದ ಬಾವುಟ ನಂಬಿ ನಾವು ದಾಟಿದ್ದು ಹ್ಯಾಂಗೋ ತಮ್ಮಾ ಎಂದು ಕೇಳಿದಳು. ಯಾವ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದನೋ ಅದೇ ಮಾತು. ಶರಭ ಕೈ ಮುಗಿದು ನಿಂತ.

ಕಡೆಗೆ ಉಳಿದವರು ಅಪ್ಪಾರು. ಅವರು ಏಳುವಾಗ ಶರಭನಿಗೆ ಒಂದು ಕಂಡಿತು. ದೋಣಿಯ ಹಿಂದಿನ ಹಗ್ಗ ಇನ್ನೂ ಗೂಟಕ್ಕೇ ಇತ್ತು. ದೋಣಿಯೊಳಗಿದ್ದ ಅದರ ಗಂಟಿನ ಮೇಲೆ ಅಪ್ಪಾರು ಇಷ್ಟು ಹೊತ್ತೂ ಮಂಡಿ ಮಡಚಿ ಕೂತಿದ್ದರು. ಅಪ್ಪಾರಿಗೆ ಏಳಿ ಅನ್ನುವುದು ಹೇಗೆ ಎಂದು ಹುಲಗಪ್ಪ ತಲೆ ಕೆರೆದುಕೊಂಡು ನಿಂತಿದ್ದನಂತೆ.

ಜನ ಮೇಲಿನ ಕಟ್ಟೆ ಹತ್ತಿದರು. ಕೋಣೆಯೊಳಗೆ ಗೆರೆ ಮುಗಿದು ಪರದೆ ಕೆಂಪಾಗಿತ್ತು. ಹುಲಗಪ್ಪ ಬಾವುಟ ಬದಲಿಸಿದ. ಕೂಸಿನ ತಾಯಿ ಚಹಾದಂಗಡಿಯ ನೆರಳಿನಲ್ಲಿ ಕೂತಳು.

ಆಮೇಲೆ ನೀರು ಬಂತು. ಸದ್ದು ಮೊದಲು, ನೀರು ಆಮೇಲೆ. ಶರಭ ಇಳಿದು ಬಂದಿದ್ದ ಮೆಟ್ಟಿಲು ಮುಳುಗಿತು, ಅದರ ಮೇಲಿನದೂ ಮುಳುಗಿತು. ಒಂದೇ ಹಗ್ಗದಲ್ಲಿದ್ದ ದೋಣಿ ಗಿರ್ರನೆ ತಿರುಗಿ ಗೂಟದ ಸಮೇತ ಕಿತ್ತುಕೊಂಡು ಹೋಯಿತು. ಹುಲಗಪ್ಪ ಅದು ಹೋದ ದಿಕ್ಕನ್ನೇ ನೋಡುತ್ತಾ ನಿಂತ.

ಶರಭ ಅಪ್ಪಾರ ಪಕ್ಕದಲ್ಲಿ ಕುಸಿದು ಕೂತ. ಹಲ್ಲು ಕಟಕಟ ಅನ್ನುತ್ತಿದ್ದವು. ಅಪ್ಪಾರು ತಮ್ಮ ಟವೆಲ್ಲು ತೆಗೆದು ಅವನ ತಲೆ ಒರೆಸಿದರು.

“ಅಪ್ಪಾರ,” ಎಂದ ಶರಭ, “ಕಿಟಕ್ಯಾಗಿಂದ ನೀವು ದೋಣಿ ಹತ್ತಿದ್ದು ಕಂಡೆ. ನನ್ನ ಜೀವಾನ ಹೋದಂಗಾತ್ರಿ. ಅದಕ್ಕ ಎಲ್ಲಾ ಬಿಟ್ಟು ಓಡಿ ಬಂದೆ.”

ಅಪ್ಪಾರು ಟವೆಲ್ಲು ಹಿಂಡಿ ಹೆಗಲಿಗೆ ಹಾಕಿಕೊಂಡರು.

“ನಾ ಹತ್ತೂಕಿಂತ ಮೊದಲೂ ದೋಣಿ ತುಂಬೇ ಇತ್ತಲ್ಲೋ, ತಮ್ಮಾ.”