ಫೈಲಿಗೆ ತಕ್ಕ ತುಟಿ

ದೇವರು ಬುದ್ಧಿ ಹಂಚುವಾಗ ಗೊರಕೆ ಹೊಡೆಯುತ್ತಿದ್ದವನೊಬ್ಬನ ಕತೆ ಹೇಳ್ತೀನಿ, ಕೇಳಿ. ಅವನ ಹೆಸರು ಬೋರಲಿಂಗ. ಅವನವ್ವ ಚೆನ್ನಾಜಮ್ಮ ಆಸ್ಪತ್ರೆಯಲ್ಲಿ ಆಯಾ. ಕಂಡಕಂಡವರ ಕಾಲು ಹಿಡಿದು ಮಗನನ್ನು ಅಲ್ಲೇ ರೆಕಾರ್ಡ್ ರೂಮಿಗೆ ಸೇರಿಸಿದಳು. ರೋಗಿಯ ಫೈಲಿನಲ್ಲಿ ಕಾಯಿಲೆ, ಕಾರಣ ಬರೆದು, ದಪ್ಪ ಪುಸ್ತಕ ನೋಡಿ ಕೋಡ್ ನಂಬರು ಹಾಕೋದು ಅವನ ಕೆಲಸ. ತಿಂಗಳ ಕೊನೆಗೆ ತಪಾಸಣೆಯವರು ಬರ್ತಾರೆ. ಅವರು ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

"ರೋಗಿ ಹೇಳಿದ್ದನ್ನ ಹೇಳ್ದಂಗೇ ಬರಿ ಮಗ," ಅಂತ ಅವ್ವ ಹೇಳಿಕೊಟ್ಟಳು.

ಮೊದಲ ದಿನವೇ ಒಬ್ಬಳು ತುಟಿ ಊದಿಸಿಕೊಂಡು ಬಂದಳು. ನಮ್ಮತ್ತೆ ಕಣ್ಣು ಬಿದ್ದು ಹಿಂಗಾಯ್ತು ಅಂದಳು. ಬೋರಲಿಂಗ ಬರೆದ: ಕಾಯಿಲೆ, ತುಟಿ ಊತ, ಕಾರಣ, ಅತ್ತೆ. ಆಮೇಲೆ ಅತ್ತೆಯ ಕೋಡ್ ನಂಬರಿಗಾಗಿ ಸಂಜೆವರೆಗೂ ಪುಸ್ತಕ ತಿರುವಿದ. ಅಷ್ಟು ದಪ್ಪ ಪುಸ್ತಕದಲ್ಲಿ ಒಬ್ಬ ಅತ್ತೆಗೂ ಜಾಗವಿರಲಿಲ್ಲ, ಪಾಪ. ಡಾಕ್ಟರಮ್ಮ ಕೂಗಾಡಿದರು.

"ಲೋ ದಡ್ಡ, ಅವ್ರಿವ್ರು ಹೇಳಿದ್ದಲ್ಲ, ಕಣ್ಣಿಗೆ ಕಂಡಿದ್ದನ್ನ ಬರೀಬೇಕು," ಅಂತ ಅವ್ವ ಬೈದಳು.

"ಆಗ್ಲಿ ಕಣವ್ವ," ಅಂದ.

ಮಾರನೆ ದಿನ ನಿವೃತ್ತ ಹವಾಲ್ದಾರರೊಬ್ಬರು ಬಂದರು. ಮೇಲ್ದುಟಿ ಊದಿ ನೋಯುತ್ತಿತ್ತು, ಆದರೆ ಅದರ ಮೇಲೆ ಪೊರಕೆಯಂಥ ಮೀಸೆ. ಬೋರಲಿಂಗ ಬಗ್ಗಿ ನೋಡಿದ, ಎದ್ದು ನೋಡಿದ. 'ಮೇಲ್ದುಟಿ ಇಲ್ಲ, ಮೀಸೆ ಇದೆ' ಅಂತ ಬರೆದ. ಹವಾಲ್ದಾರರು ಓದಿ ಬೆತ್ತ ಎತ್ತಿದರು.

ಅವ್ವ ಹಣೆ ಚಚ್ಚಿಕೊಂಡಳು. "ಫೈಲಲ್ಲೊಂದು ಮುಖದಲ್ಲೊಂದು ಇದ್ರೆ ತಪಾಸಣೆಯೋರು ನಿನ್ನ ಓಡಿಸ್ತಾರೆ ಕಣೋ. ಫೈಲೂ ಮುಖವೂ ತಾಳೆಯಾಗ್ಬೇಕು."

"ಆಗ್ಲಿ ಕಣವ್ವ," ಅಂದ.

ತಪಾಸಣೆಗೆ ಎರಡು ದಿನವಿದ್ದಾಗ ಆಸ್ಪತ್ರೆ ಹಿತ್ತಲು ಗುಡಿಸುತ್ತಿದ್ದ ಚೆನ್ನಾಜಮ್ಮನ ತುಟಿಗೆ ಕಣಜ ಕಚ್ಚಿತು. ತುಟಿ ಬದನೆಕಾಯಿಯಾಯಿತು. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು. ಬೋರಲಿಂಗ ಫೈಲು ಬರೆದ: ಕಾಯಿಲೆ, ತುಟಿ ಊತ, ಕಾರಣ, ಕಣಜ. ನಂಬರೂ ಸರಿಯಾಗಿತ್ತು. ಮಗ ದಾರಿಗೆ ಬಂದ ಅಂತ ಅವ್ವ ಸಂತೋಷಕ್ಕೆ ಅತ್ತುಬಿಟ್ಟಳು.

ತಪಾಸಣೆಯವರು ಬಂದು ಅದೇ ಫೈಲು ಎತ್ತಿಕೊಂಡರು, ರೋಗಿಯನ್ನು ತೋರಿಸು ಅಂದರು. ಬೋರಲಿಂಗ ಫೈಲು ನೋಡಿದ, ಅವ್ವನ ಮುಖ ನೋಡಿದ. ಊತ ಪೂರ್ತಿ ಇಳಿದು ತುಟಿ ಮೊದಲಿನಂತಾಗಿತ್ತು. ಫೈಲೂ ಮುಖವೂ ತಾಳೆಯಾಗಲಿಲ್ಲ.

"ಒಂದ್ ನಿಮಿಷ ಸಾರ್," ಅಂತ ಹಿತ್ತಲಿಗೆ ಓಡಿದ. ಟಿಫಿನ್ ಡಬ್ಬಿ ಹಿಡಿದು ಬಂದ. ಅವ್ವನ ಮೂಗಿನ ಕೆಳಗೆ ಮುಚ್ಚಳ ತೆಗೆದ.

ತಪಾಸಣೆಯವರು ಬಹಳ ಶಿಸ್ತಿನ ಜನ. ಫೈಲಿನಲ್ಲಿ ಊತ, ಮುಖದಲ್ಲೂ ಊತ. ಕಾರಣ ಕಣಜ, ಅದೂ ಹಾಜರು. ಇಷ್ಟು ಅಚ್ಚುಕಟ್ಟಾದ ರೆಕಾರ್ಡು ಎಲ್ಲೂ ಕಂಡಿಲ್ಲ ಅಂತ ಹೊಗಳಿ, ಕೆಲಸ ಕಾಯಂ ಮಾಡಿ ಸಹಿ ಹಾಕಿದರು.

ಚೆನ್ನಾಜಮ್ಮ ಹುಟ್ಟಿದಾಗಿನಿಂದ ಕಲಿತ ಬೈಗುಳವನ್ನೆಲ್ಲ ಒಟ್ಟುಮಾಡಿಕೊಂಡು ಮಗನ ಎದುರು ನಿಂತಳು. ತುಟಿ ಅಲುಗಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಸುರಿಯಿತು.

"ನೋಡಿ ಸಾರ್," ಅಂದ ಬೋರಲಿಂಗ, "ಸಂತೋಷಕ್ಕೆ ನಮ್ಮವ್ವಂಗೆ ಮಾತೇ ಹೊರಡ್ತಿಲ್ಲ."