ಸುಣ್ಣದ ಗೂಡಿನ ಕೆಂಪಾಜಿಯ ಕೂಗು

ಅದೆಂಥದೋ ಒಂದು ಕಾಲ ಕಣೇ, ನಮ್ಮಜ್ಜಿಯ ಅಜ್ಜೀನೂ ಹುಟ್ಟಿರಲಿಲ್ಲ, ಆವಾಗ ಒಬ್ಬ ರಾಜ ಇದ್ದನಂತೆ. ಸರಿಯಾಗಿ ಹೊದ್ಕೋ ಮೊದ್ಲು. ಆ ರಾಜನ ಮಗಳಿಗೆ ಉಬ್ಬಸವಂತೆ, ಎರಡು ಮೆಟ್ಟಿಲು ಹತ್ತಿದ್ರೆ ಎದೆ ಗೊರಗೊರ ಅನ್ನೋದಂತೆ. ಗುರುಶಾಂತಯ್ಯ ಅನ್ನೋ ಪಂಡಿತ ಬಂದು, ಆಡುಸೋಗೆ ಸೊಪ್ಪಲ್ಲಿ ಮದ್ದು ಮಾಡ್ತೀನಿ ಬುದ್ಧಿ ಅಂದನಂತೆ. ಮೊದ್ಲು ಇನ್ಯಾರಿಗಾದ್ರೂ ಕೊಟ್ಟು ನೋಡು, ಅವರು ಉಳಿದ್ರೆ ನನ್ನ ಮಗಳಿಗೆ ಕೊಡು ಅಂದನಂತೆ ರಾಜ.

ಊರಾಚೆ ದಿಬ್ಬದ ಮೇಲೆ ಸುಣ್ಣ ಸುಡೋ ಕೆಂಪಾಜಿ ಅಂತ ಒಬ್ಳು ಇದ್ಳಂತೆ. ಗೂಡಿನ ಹೊಗೆ ಕುಡಿದೂ ಕುಡಿದೂ ಅವಳಿಗೂ ಉಬ್ಬಸ. ಗಂಡ ಇಲ್ಲ, ಮಕ್ಕಳಿಲ್ಲ. ಸುಣ್ಣಕ್ಕೆ ಬಂದೋರು ಅವಳ ಎದೆ ಸದ್ದಿಗೆ ಹೆದರಿ, ಒಂದು ಮಾತೂ ಆಡದೆ ತುಂಬ್ಕೊಂಡು ಹೋಗೋರಂತೆ. ಇವಳು ಸತ್ರೆ ಅಳೋರಿಲ್ಲ, ಇವಳಿಗೇ ಕೊಟ್ಟು ನೋಡೋಣ ಅಂದ್ಕೊಂಡನಂತೆ ಪಂಡಿತ. ಕೆಂಪಾಜಿಗೆ ಅದು ಗೊತ್ತಾಯ್ತಂತೆ. ಆದ್ರೂ ಒಬ್ಬ ಮನುಷ್ಯ ಜಗಲಿ ಮೇಲೆ ಬಂದು ಕೂತನಲ್ಲ, ಅಷ್ಟಕ್ಕೇ ಹೂಂ ಅಂದ್ಳಂತೆ. ನನಗೆ ಹೊಟ್ಟೆ ಉರಿಯೋದು ಇಲ್ಲೇ ಕೂಸೇ.

ಗುಣ ಆಯ್ತೋ ಇಲ್ವೋ ಗೊತ್ತಾಗೋದು ಹೆಂಗೆ? ಮದ್ದಾದ್ಮೇಲೆ ನೀನು ನನ್ನನ್ನ ಕೂಗಿ ಕರಿ, ಎಷ್ಟು ದೂರಕ್ಕೆ ಕೇಳುತ್ತೋ ಅಲ್ಲಿಂದ ಓಗೊಡ್ತೀನಿ ಅಂದನಂತೆ ಪಂಡಿತ. ಮೊದಲನೇ ದಿನ ಕಷಾಯ ಕುಡಿಸಿದ, ಕೂಗು ಅಂಗಳ ದಾಟಲಿಲ್ಲ. ಆಮೇಲೆ ಎರಡನೇ ದಿನ ಒಣಸೊಪ್ಪು ಕೆಂಡಕ್ಕೆ ಹಾಕಿ, ಹೊಗೆ ಎಳ್ಕೋ ಅಂದ. ಹೊಗೆಯಿಂದಲೇ ಕೆಟ್ಟೋಳಿಗೆ ಹೊಗೆ! ಎಂಥಾ ಪಂಡಿತ ನೋಡು. ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಸಿಕ್ಕಿಕೊಂಡ್ವಂತೆ. ಅವನು ಹೆದರಿ ಸಾಕು ಬಿಡವ್ವಾ ಅಂದ್ರೆ, ಇವಳೇ ನಾಳೇನೂ ಬನ್ನಿ ಸ್ವಾಮಿ ಅಂದ್ಳಂತೆ. ಆಮೇಲೆ ಮೂರನೇ ದಿನ ಹಸಿಸೊಪ್ಪು ಗಡಿಗೇಲಿ ಕುದಿಸಿ, ಕಂಬಳಿ ಮುಸುಕು ಹಾಕಿ ಹಬೆ ಕೊಟ್ಟನಂತೆ. ಎದೆ ಮೆಲ್ಲಗೆ ಬಿಚ್ಕೊಂಡಿತು. ಕೂಗಿದ್ಳು, ಪಂಡಿತ ಹೊಲದಾಚೆಯಿಂದ ಓಗೊಟ್ಟ. ಓಗೊಟ್ಟೋನು ಅಲ್ಲಿಂದಲೇ ಅರಮನೆಗೆ ಓಡಿದನಂತೆ. ರಾಜನ ಮಗಳು ಹುಷಾರಾದ್ಳು, ಪಂಡಿತನಿಗೆ ಶಾಲು ಹೊದಿಸಿದ್ರು, ಕೆಂಪಾಜಿಯ ನೆನಪು ಯಾರಿಗೂ ಬರಲಿಲ್ಲ.

ಅವಳಿಗೆ ಉಸಿರೇನೋ ಬಂತು, ಮಾತಾಡೋಕೆ ಯಾರಿದ್ದಾರೆ? ಒಬ್ಬರ ಹೆಸರೂ ಗೊತ್ತಿಲ್ಲ, ಏನಂತ ಕೂಗೋದು? ಸಂಕಟ ತಡೀಲಾರದೆ ದಿಬ್ಬದ ಮೇಲೆ ನಿಂತು, ಯಾರಾದ್ರೂ ಇದ್ದೀರೇನ್ರವ್ವಾ ಅಂತ ಕೂಗಿಯೇಬಿಟ್ಟಳಂತೆ. ಕೆಳಗೆ ಬಾವಿ ಹತ್ರ ನೀರು ಸೇದ್ತಿದ್ದ ಒಬ್ಬ ಹೆಂಗಸು, ಹಗ್ಗ ಹಿಡ್ಕೊಂಡೇ ತಿರುಗಿ, ಓ... ಇದ್ದೀನಿ ಕಣವ್ವಾ, ಊಟ ಆಯ್ತಾ ಅಂದ್ಳಂತೆ.

ಇಲ್ಲ ಅನ್ನೋಕೆ ಹೋಗಿ ಕೆಂಪಾಜಿಗೆ ಅಳು ಬಂತಂತೆ. ಹಂಗಾದ್ರೆ ಇಳಿದು ಬಾ, ಮುದ್ದೆ ಬಿಸಿ ಇದೆ ಅಂದ್ಳಂತೆ ಆ ಹೆಂಗಸು. ಇಳಿದು ಹೋದ್ಳು. ಅವತ್ತಿಂದ ಕೆಂಪಾಜಿ ಒಬ್ಬಳೇ ಕೂತು ಉಣ್ಣೋದನ್ನ ಯಾರೂ ಯಾವತ್ತೂ ನೋಡಲಿಲ್ಲವಂತೆ. ನನ್ನ ಕತೆ ಇಲ್ಲಿಗೆ ತೀರಿತು, ನಿದ್ದೆ ಬಂತೇನೇ?